ತಂಗಿಯ ಮುಖದ ನೂರ ಹನ್ನೆರಡು ಚೌಕಗಳು

ನಮ್ಮ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಹಲ್ಲಕ್ಕ ಅಂತಲೇ ಕರೆಯುವುದು. ಹಲ್ಲು ಕಟ್ಟುವ ಕೆಲಸ ನಾವು ಆರು ಜನವೂ ಮಾಡುತ್ತೇವೆ, ಹೆಸರು ಅಂಟಿಕೊಂಡದ್ದು ಮಾತ್ರ ಅವಳೊಬ್ಬಳಿಗೆ. ನಾನು ಅವಳ ಪಕ್ಕದ ಮೇಜಿನವಳು, ಮೇಣದ ಅಚ್ಚಿನ ಕೆಲಸ ನನ್ನದು. ಹದಿನಾಲ್ಕು ವರ್ಷದಿಂದ ಅವಳ ಎಡ ಮೊಣಕೈ ನನ್ನ ಬಲ ಮೊಣಕೈಗೆ ತಾಗುತ್ತಲೇ ಇದೆ. ಅವಳು ಎಡಗೈಯವಳು, ಅದಕ್ಕೆ.

ಈ ಕೆಲಸದಲ್ಲಿ ನಮಗೆ ಮನುಷ್ಯರು ಕಾಣುವುದಿಲ್ಲ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಜೊತೆಗೊಂದು ಚೀಟಿ, ಅದರ ಮೇಲೆ ಬಣ್ಣದ ನಂಬರು. ಪಿಂಗಾಣಿ ಪುಡಿಯನ್ನು ನೀರಿನಲ್ಲಿ ಕಲಸಿ, ಕುಂಚದಲ್ಲಿ ಪದರ ಪದರವಾಗಿ ಕೂರಿಸಿ, ಕುಲುಮೆಗೆ ಇಟ್ಟು, ಪಕ್ಕದ ಹಲ್ಲಿಗೆ ಹೊಂದುವ ಹಾಗೆ ಬಣ್ಣ ತರುವುದು ಹಲ್ಲಕ್ಕನ ಕೆಲಸ. ಸಿಗರೇಟು ಸೇದುವವರ ಹಲ್ಲಿನ ಬುಡದ ಕಂದು ಬಣ್ಣವನ್ನೂ ಅವಳು ಬಿಡುತ್ತಿರಲಿಲ್ಲ. ತೀರಾ ಬಿಳಿಯದು ಬೇಕು ಅಂತ ಚೀಟಿ ಬಂದರೆ, "ಇವರಿಗೆ ಹಲ್ಲು ಬೇಡ, ಟ್ಯೂಬ್‌ಲೈಟ್ ಬೇಕು" ಅಂತ ಗೊಣಗುತ್ತಾ ಮಾಡಿಕೊಡುತ್ತಿದ್ದಳು.

ಅವಳಿಗೆ ಇದ್ದದ್ದು ಒಬ್ಬಳೇ ತಂಗಿ. ಹದಿಮೂರು ವರ್ಷ ಚಿಕ್ಕವಳು. ತಾಯಿ ಹೋದಾಗ ತಂಗಿಗೆ ಆರು, ಇವಳಿಗೆ ಹತ್ತೊಂಬತ್ತು. ಅಪ್ಪ ಅದಕ್ಕೂ ಮೊದಲೇ ಮನೆ ಬಿಟ್ಟು ಹೋಗಿದ್ದ. ಆ ವರ್ಷವೇ ಇವಳು ಓದು ಬಿಟ್ಟು ಲ್ಯಾಬಿಗೆ ಸೇರಿದ್ದು. ತಲೆ ಬಾಚಿದ್ದು, ಜ್ವರಕ್ಕೆ ಒದ್ದೆ ಬಟ್ಟೆ ಹಾಕಿದ್ದು, ಶಾಲೆಯ ಸಭೆಗೆ ಹೋಗಿ ಸಣ್ಣ ಕುರ್ಚಿಯಲ್ಲಿ ಕೂತದ್ದು ಎಲ್ಲ ಇವಳೇ. ಮದುವೆಯ ಮಾತು ಒಂದೆರಡು ಸಲ ಬಂತು, ಹಾಗೇ ಹೋಯಿತು. ಅದಕ್ಕೆ ಅವಳು ಅಳಲಿಲ್ಲ, ಆದರೆ ಆ ವಿಷಯ ಎತ್ತಿದವರ ಜೊತೆ ಎರಡು ದಿನ ಮಾತೂ ಆಡುತ್ತಿರಲಿಲ್ಲ.

ತಂಗಿ ದೊಡ್ಡವಳಾಗಿ ಕಾರು ಕಲಿಸುವ ಟೀಚರಾದಳು. ಎರಡು ಬ್ರೇಕಿನ ಕಾರು, ದಿನಕ್ಕೆ ಎಂಟು ಜನ ಕಲಿಯುವವರು. ಅವಳದ್ದು ಒಂದು ಕ್ಷಣ ಸುಮ್ಮನಿರದ ಮುಖ. ಸಂಜೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ರಿವರ್ಸ್ ಹಾಕುವಾಗ ಉಸಿರೇ ಬಿಡದ ಬ್ಯಾಂಕಿನವರನ್ನೂ, ಪ್ರತಿ ತಿರುವಿಗೂ ಕಣ್ಣು ಮುಚ್ಚುವ ಮುದುಕಿಯನ್ನೂ ಮಾಡಿ ತೋರಿಸುತ್ತಿದ್ದಳು. ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತಾಳೆ ಅಂತ ಹಲ್ಲಕ್ಕ ಮಾರನೇ ದಿನ ನಮಗೆ ಹೇಳುತ್ತಿದ್ದಳು. ಅವಳು ಹೇಳುವಾಗ ನಮಗೆ ಅರ್ಧ ನಗುವೂ ಬರುತ್ತಿರಲಿಲ್ಲ. ತಂಗಿಯ ಆ ಮುಖ ಅವಳ ಹತ್ತಿರ ಇರಲಿಲ್ಲವಲ್ಲ.

ತಂಗಿ ಲಿಫ್ಟ್ ರಿಪೇರಿ ಮಾಡುವವನನ್ನು ಮದುವೆಯಾಗಿ ನಾಲ್ಕು ಬಸ್ ಸ್ಟಾಪು ಆಚೆ ಮನೆ ಮಾಡಿದಳು. ದೂರವೇನಲ್ಲ, ವಾರಕ್ಕೆ ಎರಡು ಮೂರು ಸಲ ಬಂದೇ ಬರುತ್ತಿದ್ದಳು. ಆದರೂ ಉಳಿದ ಸಂಜೆಗಳು ಹಲ್ಲಕ್ಕನಿಗೆ ಉದ್ದವಾದವು. ಆಗಲೇ ಅವಳಿಗೆ ಇಂಟರ್ನೆಟ್ಟಿನಲ್ಲಿ ಆ ಗುಂಪು ಸಿಕ್ಕಿದ್ದು.

ಅದು ಏನು ಅಂತ ನನಗೆ ಅರ್ಥವಾಗಲು ಒಂದು ವಾರದ ಊಟದ ಬಿಡುವು ಬೇಕಾಯಿತು. ಇಪ್ಪತ್ತು ಮೂವತ್ತು ಜನ ಸೇರಿ ಒಂದು ಕಥೆ ಬರೆಯುತ್ತಾರೆ. ಎಲ್ಲಿಯೂ ಇಲ್ಲದ ಒಂದು ಬಂದರು. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಆ ಪಾತ್ರ ಆಡುವ ಮಾತನ್ನು ಅವರೇ ಬರೆಯಬೇಕು, ಎದುರಿನ ಪಾತ್ರದವರು ಉತ್ತರ ಬರೆಯುತ್ತಾರೆ, ಹೀಗೇ ತಿಂಗಳುಗಟ್ಟಲೆ. ಪ್ರತಿ ಮಾತಿನ ಪಕ್ಕದಲ್ಲೂ ಪಾತ್ರದ ಮುಖದ ಒಂದು ಪುಟ್ಟ ಚೌಕ ಇರುತ್ತದೆ. ಅದಕ್ಕೆ ಐಕಾನ್ ಅನ್ನುತ್ತಾರೆ, ಅಂಚೆಚೀಟಿಯಷ್ಟು ದೊಡ್ಡದು. ಸಿಟ್ಟಿನ ಮಾತಿಗೆ ಸಿಟ್ಟಿನ ಮುಖ ಹಾಕಬೇಕು, ಸುಳ್ಳಿಗೆ ಸುಳ್ಳಿನ ಮುಖ. ಹೆಚ್ಚಿನವರು ಯಾರಾದರೂ ನಟ ನಟಿಯರ ಮುಖ ಆರಿಸಿಕೊಂಡು, ಸಿನಿಮಾದ ಚಿತ್ರಗಳಿಂದ ಕತ್ತರಿಸಿ ಚೌಕ ಮಾಡಿಕೊಳ್ಳುತ್ತಾರೆ.

ಹಲ್ಲಕ್ಕ ಮೊದಲು ಬೇರೆಯವರಿಗಾಗಿ ಐಕಾನ್ ಮಾಡಿಕೊಡುತ್ತಿದ್ದಳು. ಅಷ್ಟು ಸಣ್ಣ ಜಾಗದಲ್ಲಿ ಬಣ್ಣ ಹೊಂದಿಸುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಬೇರೆಯವರು ಇಡೀ ಮುಖ ತುರುಕಿದರೆ ಇವಳು ಹಣೆ ಬಿಟ್ಟು, ಗಲ್ಲ ಬಿಟ್ಟು, ಕೆಲವೊಮ್ಮೆ ಬಾಯಿಯನ್ನೇ ಬಿಟ್ಟು ಕಣ್ಣಷ್ಟೇ ಉಳಿಸುತ್ತಿದ್ದಳು. ಹಗಲೆಲ್ಲ ಬಾಯಿ ನೋಡಿ ಸಾಕಾಗಿದೆ ಅನ್ನುತ್ತಿದ್ದಳು. ಗುಂಪಿನವರು ಅವಳ ಕೈಗಾಗಿ ಸರದಿ ನಿಂತರು. ಲ್ಯಾಬಿಗೆ ಸೇರಿ ಇಷ್ಟು ವರ್ಷದಲ್ಲಿ ಒಬ್ಬ ರೋಗಿಯೂ ಬಂದು ನಿಮ್ಮ ಹಲ್ಲು ಚೆನ್ನಾಗಿದೆ ಅಂದಿರಲಿಲ್ಲ. ಇಲ್ಲಿ ದಿನಕ್ಕೆ ಹತ್ತು ಜನ ಹೊಗಳುತ್ತಿದ್ದರು. ಆ ಸುಖವನ್ನು ನಾನು ಅವಳ ಕುತ್ತಿಗೆಯ ನೆಟ್ಟತನದಲ್ಲೇ ಕಂಡೆ.

ಆಮೇಲೆ ತನಗೂ ಒಂದು ಪಾತ್ರ ಬೇಕು ಅನ್ನಿಸಿತು. ಬಂದರಿನ ದೀಪಸ್ತಂಭ ಕಾಯುವ ಹೆಂಗಸು, ದೀಪದಾಕೆ. ಮುಖ ಯಾರದ್ದು ಅನ್ನುವ ಪ್ರಶ್ನೆ ಬಂತು. ನಟಿಯರ ಮುಖ ಬಾಡಿಗೆ ಮನೆ ಇದ್ದ ಹಾಗೆ, ನಿನ್ನೆ ಯಾರೋ ಇದ್ದು ಹೋಗಿರುತ್ತಾರೆ, ನಾಳೆ ಇನ್ಯಾರೋ ಬರುತ್ತಾರೆ, ನನ್ನವಳಿಗೆ ಅದು ಬೇಡ ಅಂದಳು. ಅವಳ ಫೋನಿನಲ್ಲಿ ತಂಗಿಯ ಫೋಟೋಗಳಿಗೇನು ಬರ. ನಗುವಿಗೆ ನಗು, ಕೋಪಕ್ಕೆ ಕೋಪ, ಅಣಕಕ್ಕೆ ಅಣಕ. ಒಂದು ವಾರದಲ್ಲಿ ಮೂವತ್ತು ಚೌಕ ಆದವು.

ನಾನು ಕೇಳಿದೆ, ತಂಗಿಗೆ ಹೇಳಿದ್ದೀಯಾ ಅಂತ.

"ಕೋಳಿನ ಕೇಳಿ ಖಾರ ಅರೀತಾರಾ?" ಅಂದು ನಕ್ಕಳು.

ನಾನೂ ನಕ್ಕೆ. ಅದನ್ನು ಇಲ್ಲಿ ಬರೆಯದಿದ್ದರೆ ತಪ್ಪಾಗುತ್ತದೆ.

ಕಥೆ ಬೆಳೆದ ಹಾಗೆ ಮುಖಗಳು ಸಾಲಲಿಲ್ಲ. ಚೀಟಿ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಅವಳು ಪಟ್ಟಿ ಮಾಡಿಟ್ಟಿದ್ದಳು: ನಾಚಿಕೆ ಮೂರು ಇದೆ, ಅನುಮಾನ ಐದು, ಹೆದರಿಕೆ ಇಲ್ಲ, ಅಳು ಇಲ್ಲ. ತಂಗಿ ಬಂದು ಸ್ಟೂಲಿನ ಮೇಲೆ ಕೂತರೆ ಫೋನಿನ ಕ್ಯಾಮೆರಾ ಹಾಕಿ ಸಕ್ಕರೆ ಡಬ್ಬಿಗೆ ಒರಗಿಸಿ ಇಡುವುದು ಶುರುವಾಯಿತು. ತಂಗಿ ಮಾತಿನ ಭರದಲ್ಲಿ ಗಮನಿಸುತ್ತಿರಲಿಲ್ಲ. ತಂಗಿ ರಾತ್ರಿ ಉಳಿದುಕೊಂಡಿದ್ದ ಒಂದು ಬೆಳಗ್ಗೆ ಅವಳ ಕಾರಿನ ಕೀಲಿ ಬಚ್ಚಿಟ್ಟು, ಕ್ಲಾಸಿಗೆ ಹೊತ್ತಾಯಿತು ಅಂತ ಅವಳು ಮನೆಯೆಲ್ಲ ತಡಕಾಡುವುದನ್ನು ಹಲ್ಲಕ್ಕ ಫೋನಿನಲ್ಲಿ ತೆಗೆದುಕೊಂಡಳು. ಗಾಬರಿ, ನಾಲ್ಕು ಚೌಕ. ಕೀಲಿ ಕೊನೆಗೆ ಟವೆಲ್ ಕೆಳಗೆ "ಸಿಕ್ಕಿತು". ಇದನ್ನು ಅವಳು ನನಗೆ ಹೇಳಿದ್ದು ತುಂಬಾ ತಡವಾಗಿ, ಎಲ್ಲ ಮುಗಿದ ಮೇಲೆ.

ಆ ವರ್ಷ ತಂಗಿ ಬಸುರಿಯಾದಳು. ಐದನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಯಿತು. ಆಸ್ಪತ್ರೆಯಿಂದ ಅವಳು ಗಂಡನ ಮನೆಗೆ ಹೋಗದೆ ಅಕ್ಕನ ಮನೆಗೇ ಬಂದಳು. ಹನ್ನೆರಡು ದಿನ ಇದ್ದಳು. ಹಲ್ಲಕ್ಕ ರಜೆ ಹಾಕಿ ಜೊತೆಗಿದ್ದಳು. ಅವಳು ನೋಡಿಕೊಂಡದ್ದರಲ್ಲಿ ಒಂದು ಎಳ್ಳಿನಷ್ಟೂ ಕೊರತೆ ಇರಲಿಲ್ಲ. ಸ್ನಾನ ಮಾಡಿಸಿದಳು, ತುತ್ತು ಮಾಡಿ ಬಾಯಿಗಿಟ್ಟಳು, ತಂಗಿಯ ಗಂಡ ಬಂದಾಗ ಇಬ್ಬರನ್ನೇ ಬಿಟ್ಟು ಮೆಟ್ಟಿಲ ಮೇಲೆ ಕೂತಳು. ಏಳನೆಯ ದಿನ ಮಧ್ಯಾಹ್ನ ತಂಗಿ ಕಿಟಕಿಯ ಪಕ್ಕ ಕೂತು ಅಳತೊಡಗಿದಳು, ಅಷ್ಟು ದಿನ ಬಾರದ ಅಳು. ಹಲ್ಲಕ್ಕ ಹೋಗಿ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು. ಬೆಳಕು ಒಂದೇ ಕಡೆಯಿಂದ ಬೀಳುತ್ತಿತ್ತು. ಬಲಗೈ ತಂಗಿಯ ಕೈಯಲ್ಲಿತ್ತು. ಎಡಗೈ ಬಿಡುವಾಗಿತ್ತು.

"ನಾನು ಯೋಚನೆ ಮಾಡಿ ಮಾಡ್ಲಿಲ್ಲ ಕಣೇ," ಅಂತ ಅವಳು ಹೇಳಿದ್ದಾಳೆ. ಎರಡು ದಿನ ಬಿಟ್ಟು, "ಯೋಚನೆ ಮಾಡೇ ಮಾಡ್ದೆ" ಅಂತಲೂ ಹೇಳಿದ್ದಾಳೆ. ಎರಡನ್ನೂ ನಾನು ನಂಬುತ್ತೇನೆ.

ಆ ಮಧ್ಯಾಹ್ನದಿಂದ ಒಂಬತ್ತು ಚೌಕ ಆದವು. ಆ ಹೊತ್ತಿಗೆ ಕಥೆಯಲ್ಲಿ ದೀಪದಾಕೆಯ ಗಂಡನ ದೋಣಿ ಮುಳುಗುವ ಪ್ರಸಂಗ ನಡೆಯುತ್ತಿತ್ತು. ಆ ಚೌಕಗಳನ್ನು ಹಾಕಿದ ದಿನ ಗುಂಪಿನಲ್ಲಿ, ಈ ನಟಿ ಯಾರು, ಯಾವ ಸಿನಿಮಾ ಅಂತ ಕೇಳಿದವರೇ ಕೇಳಿದವರು. ಅವಳ ಜೊತೆ ವರ್ಷದಿಂದ ದೋಣಿಯವನ ಪಾತ್ರ ಬರೆಯುತ್ತಿದ್ದ ಗೆಳೆಯ, ಇದನ್ನು ಮತ್ತೆ ಮತ್ತೆ ತೆರೆದು ನೋಡಿದೆ ಅಂತ ಬರೆದು ಕಳಿಸಿದ. ಬೇಕಾದವರು ಇಟ್ಟುಕೊಳ್ಳಿ, ಮಾಡಿದ್ದು ನಾನು ಅಂತ ಒಂದು ಸಾಲು ಹಾಕಿದರೆ ಸಾಕು ಅಂತ ಹಲ್ಲಕ್ಕ ಬರೆದಳು. ಅದು ಆ ಲೋಕದ ವಾಡಿಕೆ. ಎಷ್ಟೋ ಜನ ಇಟ್ಟುಕೊಂಡರು.

ಆಮೇಲೆ ನಡೆದದ್ದನ್ನು ಯಾರೂ ಊಹಿಸಲಾರರು. ತಂಗಿಗೆ ಯಾರೂ ಚಾಡಿ ಹೇಳಲಿಲ್ಲ, ಅವಳಾಗಿ ಕಂಡುಹಿಡಿಯಲೂ ಇಲ್ಲ. ಹಲ್ಲಕ್ಕನೇ ಕರೆದು ಕೂರಿಸಿ ತೋರಿಸಿದಳು. ನಾಲ್ಕು ತಿಂಗಳಾಗಿತ್ತು, ತಂಗಿ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಳು, ಮತ್ತೆ ಸ್ವಲ್ಪ ಸ್ವಲ್ಪ ಅಣಕಿಸುತ್ತಿದ್ದಳು. ನಿನ್ನ ಮುಖವನ್ನು ಎಷ್ಟು ಜನ ಇಷ್ಟಪಡುತ್ತಾರೆ ನೋಡು ಅನ್ನುವ ಹೆಮ್ಮೆ ಅಕ್ಕನಿಗೆ. ಪ್ರೀತಿಯಿಂದ ಅದನ್ನೊಂದು ಕಾಣಿಕೆಯ ಹಾಗೆ ಕೊಡಹೊರಟಿದ್ದಳು.

ಮೊದಲ ಸಾಲುಗಳಿಗೆ ತಂಗಿ ಬಿದ್ದು ಬಿದ್ದು ನಕ್ಕಳು. ಇದು ಬ್ಯಾಂಕಿನವರದ್ದು, ಇದು ನಿನ್ನ ಸಾರಿಗೆ ಉಪ್ಪಿಲ್ಲ ಅಂದಾಗಿನದು, ಅಂತ ಗುರುತು ಹಿಡಿದಳು. ಗಾಬರಿಯ ನಾಲ್ಕು ಚೌಕದ ಹತ್ತಿರ ಒಂದು ಕ್ಷಣ ನಿಂತು, ಮುಂದಕ್ಕೆ ಹೋದಳು. ಹಲ್ಲಕ್ಕನಿಗೆ ಆಗಲೂ ಏನೂ ಹೊಳೆಯಲಿಲ್ಲ. ಕೆಳಗಿನ ಸಾಲು ಬಂತು.

ತಂಗಿ ನಗು ನಿಲ್ಲಿಸಿದಳು. ಒಂಬತ್ತನ್ನೂ ಒಂದೊಂದಾಗಿ ನೋಡಿದಳು. ಒಂದು ಚೌಕದ ಅಂಚಿನಲ್ಲಿ ತನ್ನ ಹೆಗಲ ಮೇಲಿನ ಅಡ್ಡಗೆರೆಯ ನೈಟಿ ಅವಳಿಗೆ ಗುರುತು ಸಿಕ್ಕಿತು.

"ಇದು ಆವತ್ತಿಂದು," ಅಂದಳು.

ಹಲ್ಲಕ್ಕ ಹೂಂ ಅಂದಳು. ಎಲ್ಲರೂ ಎಷ್ಟು ಮೆಚ್ಚಿದರು ಅಂತ ಹೇಳಲು ಬಾಯಿ ತೆರೆದಳು.

"ನೀನು ನನ್ನ ಕೈ ಹಿಡ್ಕೊಂಡಿದ್ದೆ ಅಕ್ಕಾ," ಅಂದಳು ತಂಗಿ. "ನಾನು ಇಷ್ಟು ದಿನ ಅದನ್ನೇ ನೆನೆಸ್ಕೊಂಡು ಎದ್ದು ಓಡಾಡ್ತಿದ್ದೆ. ನೀನು ಫೋನ್ ನೋಡ್ತಿದ್ದೆ."

ಕೂಗಾಡಲಿಲ್ಲ. ಕುರ್ಚಿಯನ್ನು ಮೇಜಿನ ಒಳಗೆ ಸರಿಸಿ, ಚೀಲ ತೆಗೆದುಕೊಂಡು, ಚಪ್ಪಲಿ ಹಾಕಿಕೊಂಡು ಹೋದಳು. ಹಲ್ಲಕ್ಕ ಮಾರನೇ ದಿನ ಲ್ಯಾಬಿಗೆ ಬಂದು ಮೂರು ಹಲ್ಲುಗಳ ಬಣ್ಣ ತಪ್ಪಿಸಿದಳು. ನಮ್ಮ ಯಜಮಾನರು ಚೀಟಿಯನ್ನೊಮ್ಮೆ ಹಲ್ಲನ್ನೊಮ್ಮೆ ನೋಡಿ, ಅವಳ ಮೇಜಿಗೇ ವಾಪಸು ಇಟ್ಟರು.

ನೂರ ಹನ್ನೆರಡು ಚೌಕಗಳನ್ನೂ ಅವಳು ಆ ವಾರವೇ ಅಳಿಸಿದಳು. ಗುಂಪಿನವರಿಗೆ ನಿಜ ಹೇಳಿದಳು: ಅವಳು ನಟಿಯಲ್ಲ, ನನ್ನ ತಂಗಿ, ಆ ಅಳು ಅಭಿನಯವಲ್ಲ. ಗುಂಪು ನಡೆಸುವವರು ಹಳೆಯ ಪುಟಗಳಿಂದೆಲ್ಲ ಚಿತ್ರ ತೆಗೆಸಿದರು. ಆದರೆ ಕೈ ಬಿಟ್ಟ ಕಲ್ಲು ಎಲ್ಲೆಲ್ಲಿ ಬಿದ್ದಿತ್ತೋ. ಇಟ್ಟುಕೊಂಡವರು ಬೇರೆ ಗುಂಪುಗಳಿಗೆ ಒಯ್ದಿದ್ದರು. ಒಂದು ಕಡೆ ಅವಳ ತಂಗಿ ರಕ್ತ ಕುಡಿಯುವ ರಾಣಿಯಾಗಿದ್ದಳು, ಇನ್ನೊಂದು ಕಡೆ ಯಾರದೋ ಮೋಸಗಾತಿ ಪ್ರೇಯಸಿ. ಹಲ್ಲಕ್ಕ ಏಳೆಂಟು ತಿಂಗಳು ಊಟದ ಬಿಡುವಿನಲ್ಲಿ ಡಬ್ಬಿ ಮುಚ್ಚಿಟ್ಟು ಗುರುತಿಲ್ಲದವರಿಗೆ ಪತ್ರ ಬರೆದಳು, ದಯವಿಟ್ಟು ತೆಗೆಯಿರಿ ಅಂತ. ಕೆಲವರು ತೆಗೆದು ಕ್ಷಮೆ ಕೇಳಿದರು. ಒಬ್ಬರು, ಉಗುರಿನಷ್ಟು ಚಿತ್ರಕ್ಕೆ ಇಷ್ಟೊಂದು ರಂಪವೇ ಅಂತ ಬರೆದರು. ಹೆಚ್ಚಿನವರು ಉತ್ತರ ಕೊಡಲಿಲ್ಲ.

ದೋಣಿಯವನ ಪಾತ್ರದ ಗೆಳೆಯ, ಹೊಸ ಮುಖ ಆರಿಸಿಕೊಂಡು ಬನ್ನಿ, ಕಥೆ ಅರ್ಧಕ್ಕೆ ನಿಂತಿದೆ ಅಂತ ಎರಡು ಸಲ ಕೇಳಿದ. ಅವಳು ಹೋಗಲಿಲ್ಲ. ಆ ಸ್ನೇಹ ಹೋದದ್ದಕ್ಕೂ ಅವಳಿಗೆ ದುಃಖವಿತ್ತು, ಆದರೆ ಆ ದುಃಖ ಹೇಳಿಕೊಳ್ಳಲು ತನಗೆ ಮುಖವಿಲ್ಲ ಅನ್ನುತ್ತಿದ್ದಳು.

ತಂಗಿ ಸಂಬಂಧ ಕಡಿದುಕೊಳ್ಳಲಿಲ್ಲ. ಕಡಿದಿದ್ದರೆ ಒಂದು ದಿನ ಹೋಗಿ ಕಾಲು ಹಿಡಿಯಬಹುದಿತ್ತು. ಎರಡು ತಿಂಗಳು ಬಿಟ್ಟು ಬಂದಳು, ಗ್ಯಾಸ್ ಬಂತಾ, ಮಂಡಿ ನೋವು ಹೇಗಿದೆ ಅಂತ ವಿಚಾರಿಸಿದಳು. ಅಕ್ಕ ತಪ್ಪಾಯಿತು ಅಂದಾಗ "ಆಯ್ತು ಬಿಡು" ಅಂದಳು. ಆದರೆ ಸ್ಟೂಲಿನ ಮೇಲೆ ಕೂರಲಿಲ್ಲ. ಬ್ಯಾಂಕಿನವರು ಲೈಸೆನ್ಸ್ ತೆಗೆದುಕೊಂಡರೋ ಇಲ್ಲವೋ ಹಲ್ಲಕ್ಕನಿಗೆ ಇವತ್ತಿಗೂ ಗೊತ್ತಿಲ್ಲ. ಬರಬರುತ್ತಾ ಮನೆಗೆ ಬರುವುದು ನಿಂತು ಬರೀ ಫೋನ್ ಉಳಿಯಿತು. ಮತ್ತೆ ಬಸುರಿಯಾದ ಸುದ್ದಿ ತಿಳಿದದ್ದು ತಂಗಿಯ ಗಂಡನ ಬಾಯಿಂದ, ಏಳನೇ ತಿಂಗಳಲ್ಲಿ, ಅದೂ ಇವಳಿಗೆ ಗೊತ್ತೇ ಇದೆ ಅಂದುಕೊಂಡು ಅವನು ಬೇರೇನೋ ಮಾತಾಡುವಾಗ. ಫೋನ್ ಇಟ್ಟ ಮೇಲೆ ಅವಳು ಕಲಸಿದ ಪಿಂಗಾಣಿ ಒಣಗಿ ಬಿರುಕು ಬಿಡುವವರೆಗೂ ಕುಂಚ ಹಿಡಿದೇ ಕೂತಿದ್ದಳು. ಹೋಗ್ಲಾ ಅಂತ ನನ್ನನ್ನು ಕೇಳಿದಳು. ಹೋಗು ಅಂದೆ. ಹೋದಳು. ಟೀ ಸಿಕ್ಕಿತು, ಗಂಡನ ಕೆಲಸದ ಹೊಸ ಲಿಫ್ಟಿನ ವಿಷಯ ಸಿಕ್ಕಿತು.

ಹೆಣ್ಣು ಮಗು ಹುಟ್ಟಿತು. ಈಗ ಅದಕ್ಕೆ ಮೂರು ವರ್ಷ. ತಂಗಿಗೆ ಭಾನುವಾರವೂ ಕ್ಲಾಸು ಇರುತ್ತದೆ, ಆಗ ಮಗುವನ್ನು ನೋಡಿಕೊಳ್ಳಲು ಹಲ್ಲಕ್ಕ ಹೋಗುತ್ತಾಳೆ. ಮಗುವನ್ನು ನಂಬಿ ಬಿಡುತ್ತಾಳಲ್ಲ, ಅದೇ ದೊಡ್ಡದು ಅಂತ ನಾನು ಸಮಾಧಾನ ಹೇಳುತ್ತೇನೆ. ದೊಡ್ಡದೇ ಅಂತ ಅವಳೂ ಒಪ್ಪುತ್ತಾಳೆ.

ಕಳೆದ ತಿಂಗಳು ತಂಗಿ ಕ್ಲಾಸು ಮುಗಿಸಿ ಮನೆಗೆ ಬಂದ ಹೊತ್ತಿಗೆ ಮಗು ಸೋಫಾದಿಂದ ಬಿದ್ದು ಹುಬ್ಬು ಒಡೆದುಕೊಂಡಿತು. ದೊಡ್ಡ ಗಾಯವಲ್ಲ, ರಕ್ತ ಮಾತ್ರ ಹೆಚ್ಚು. ತಂಗಿ ಓಡಿ ಬಂದು ಎತ್ತಿಕೊಂಡಳು, ಹತ್ತಿ ಒತ್ತಿದಳು, ಮಗು ಸುಮ್ಮನಾಯಿತು. ಆಮೇಲೆ ಅವಳಿಗೇ ಅಳು ನುಗ್ಗಿ ಬಂತು. ಹಲ್ಲಕ್ಕ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದಳು. ತಂಗಿ ಮಗುವನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆಗೆ ತಿರುಗಿ ನಿಂತು ಅತ್ತಳು.

"ಮತ್ತೆ ನೀನೇನು ಮಾಡಿದೆ?" ಅಂತ ಮಾರನೇ ದಿನ ಲ್ಯಾಬಿನಲ್ಲಿ ನಾನು ಕೇಳಿದೆ.

ಹಲ್ಲಕ್ಕ ಕುಂಚವನ್ನು ನೀರಿನಲ್ಲಿ ಅದ್ದಿ, ಬಟ್ಟೆಗೆ ಒರೆಸಿ, ಮೊನೆ ನೋಡಿದಳು.

"ಅಡುಗೆಮನೆಗೆ ಹೋಗಿ ಬಾಗಿಲು ಹಾಕ್ಕೊಂಡೆ," ಅಂದಳು. "ಅವಳು ಈ ಕಡೆ ತಿರುಗ್ಲಿ ಅಂತ."