ಶಾಲಿನ ಕೆಳಗಿನ ಅರ್ಧ

ಗಿರಿಜಾ, ನಿನ್ನ ಬದನೆಕಾಯಿ ಬಣ್ಣದ ಶಾಲಿನ ಕೆಳಗಿನ ಅರ್ಧವನ್ನು ನಿನ್ನ ಅವ್ವ ಹೆಣೆದಿಲ್ಲ. ನಾನು ಹೆಣೆದಿದ್ದೇನೆ. ಅವರು ಹೆಣೆದಿದ್ದನ್ನು ನಾನು ಪೂರ್ತಿ ಬಿಚ್ಚಿಹಾಕಿದೆ. ಒಂಬತ್ತು ವರ್ಷಗಳಿಂದ ಅವ್ವನ ಕೈಕೆಲಸವೆಂದು ನೀನು ಮುಟ್ಟಿ ನೋಡುತ್ತಿರುವುದು ನನ್ನ ಕೆಲಸ.

ಮುಖ್ಯ ಸಂಗತಿ ಮೊದಲ ಸಾಲುಗಳಲ್ಲೇ ಬಂದುಬಿಡಬೇಕು ಎಂದು ಸುದ್ದಿಮನೆಯಲ್ಲಿ ಕಿರಿಯರಿಗೆ ಹೇಳುತ್ತ ಬಂದವನು ನಾನು. ಈ ಒಂದು ಸಂಗತಿಯನ್ನು ಮಾತ್ರ— ಇರಲಿ. ಉಳಿದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಇದು ಅಚ್ಚಾದರೆ ಓದುವ ಬೇರೆಯವರಿಗೂ ತಿಳಿಯಬೇಕು, ಹಾಗಾಗಿ ನಿನಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ.

ನಿನ್ನ ಅವ್ವ ಮಾನ್ವಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ, ಹೆಣಿಗೆ ಕಲಿಸುತ್ತಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಅನ್ನುವುದು ವಾಡಿಕೆ. ಅವರು ನಿವೃತ್ತರಾದ ಮೇಲೂ ಊರಿಗೆಲ್ಲ ಅಕ್ಕೋರೇ. ನಾನು ಆಗ ಪತ್ರಿಕೆಯೊಂದರ ಮಾನ್ವಿ ವರದಿಗಾರ, ನಿಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ನೀನು ನರ್ಸಿಂಗ್ ಓದಲು ರಾಯಚೂರಿಗೆ ಹೋಗಿದ್ದೆ. ಆ ಸಂಜೆಗಳನ್ನು ನೀನು ನೋಡಿಲ್ಲ.

ದಿನದ ಸುದ್ದಿ ಕಳಿಸಿ ಬಂದರೆ ಅವರು ಕಟ್ಟೆಯ ಮೇಲೆ ಕೂತು ಹೆಣೆಯುತ್ತಿರುತ್ತಿದ್ದರು. ಕಳಿಸಿದ ಸುದ್ದಿ ನಾಳೆ ಹೇಗೆ ಬರುತ್ತದೋ ಎಂಬ ತಳಮಳದಲ್ಲಿ ನಾನು ಉಗುರು ಕಡಿಯುತ್ತ ಕೂರುತ್ತಿದ್ದೆ.

"ಏನ್ ತಮ್ಮಾ, ಉಗುರು ಮುಗದ ಮ್ಯಾಲ ಬೆರಳೂ ತಿಂತಿ ಏನು? ಬಾ ಇಲ್ಲಿ. ಹಿಡಿ ಇವನ್ನ," ಎಂದು ಒಂದು ದಿನ ಎರಡು ಕಡ್ಡಿ ಕೈಗಿಟ್ಟರು.

"ಗಂಡಸರು ಹೆಣಿತಾರೇನ್ರೀ ಅಕ್ಕೋರ?"

"ಬುಟ್ಟಿ ಹೆಣಿಯಾಂವ ಗಂಡಸಲ್ಲೇನು? ಹೊಳ್ಯಾಗ ಮೀನಿಗೆ ಬಲಿ ಹಾಕಾಂವ ತನ್ನ ಬಲಿ ತಾನ ಹೆಣಕೊಳ್ಳಂಗಿಲ್ಲೇನು? ಸುಮ್ನ ಕುಂದುರು."

ಸೀದಾ ಎರಡು ಕುಣಿಕೆ, ಉಲ್ಟಾ ಎರಡು. ಮೊದಲ ವಾರ ನಾನು ಹೆಣೆದದ್ದು ಅಂಗೈ ಅಗಲದ ಒಂದು ಚೌಕ. ಅದರ ನಾಲ್ಕು ಮೂಲೆ ನಾಲ್ಕು ದಿಕ್ಕಿಗೆ ಹೋಗುತ್ತಿದ್ದವು. ಅಕ್ಕೋರು ಅದನ್ನು ತಿರುಗಿಸಿ ಮೊದಲು ಹಿಂಬದಿ ನೋಡಿದರು. ಯಾವಾಗಲೂ ಹಾಗೆಯೇ. "ಮುಂದಿನ ಮುಖ ಎಲ್ಲಾರೂ ಚಂದ ಮಾಡ್ತಾರ. ಹಿಂದಿಂದು ತೋರಸು."

ಅದರ ಸುಖವನ್ನು ಹೇಗೆ ಬರೆಯುವುದು? ದೊಡ್ಡದೇನಲ್ಲ ಅದು. ಕಡ್ಡಿಗೆ ಕಡ್ಡಿ ತಾಗುವ ಸಣ್ಣ ಸದ್ದು. ತೊಡೆಯ ಮೇಲೆ ಬೆಳೆಯುತ್ತ ಹೋಗುವ ಬೆಚ್ಚಗಿನ ಭಾರ. ಒಂದು ಸಾಲು ಮುಗಿದು ಕೈ ಬದಲಿಸುವಾಗ ತಾನಾಗಿ ಬರುವ ಒಂದು ಉಸಿರು. ಬೇಸಿಗೆಯಲ್ಲಿ ಬೆವರಿದ ಬೆರಳಿಗೆ ದಾರ ಅಂಟುತ್ತದೆಂದು ಅವರು ಪೌಡರ್ ಡಬ್ಬಿ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದರು. ಇಬ್ಬರೂ ಕೇರಂ ಆಡುವವರ ಹಾಗೆ ಕೈಗೆ ಪೌಡರ್ ಹಚ್ಚಿಕೊಂಡು ಕೂರುತ್ತಿದ್ದೆವು. ಮಾತು ಕಡಿಮೆ. ಅವರ ಹೆಣಿಗೆ ಸಡಿಲ, ಸಮ. ಮುಟ್ಟಿದರೆ ಒತ್ತಿ ಬಿಟ್ಟ ರೊಟ್ಟಿಯಂತೆ ಮೆಲ್ಲಗೆ ಮೇಲೆ ಬರುತ್ತಿತ್ತು. ಅವರಿಗೆ ಒಂದೇ ಕಟ್ಟುನಿಟ್ಟು: ಸಾಲಿನ ನಡುವೆ ಕೈ ಬಿಡಬಾರದು. ಯಾರೇ ಬಾಗಿಲಿಗೆ ಬರಲಿ, "ಬಂದೆ ತಡೀರಿ, ಸಾಲು ಮುಗಿಲಿ" ಅನ್ನುತ್ತಿದ್ದರು.

ಮುಂದೆ ನನಗೆ ರಾಯಚೂರಿನ ಡೆಸ್ಕಿಗೆ ವರ್ಗವಾಯಿತು. ಬೇರೆಯವರು ಬರೆದದ್ದನ್ನು ತಿದ್ದುವ ಕೆಲಸ. ತೀನ್ ಕಂದೀಲ್ ವೃತ್ತದ ಹತ್ತಿರ ಗುಂಡಿ, ಲೇಸು ಮಾರುವ ಅಂಗಡಿಯಲ್ಲಿ ಉಲ್ಲನ್ ಸಿಗುತ್ತಿತ್ತು. ಮೇ ತಿಂಗಳಲ್ಲಿ ನಾನು ಕಚೇರಿಯ ಮೇಜಿನ ಮೇಲೆ ಉಂಡೆ ಇಟ್ಟುಕೊಂಡಿದ್ದನ್ನು ನೋಡಿ ಸಹೋದ್ಯೋಗಿಯೊಬ್ಬರು, "ರಾಯಚೂರಾಗ ಈಗ ಸ್ವೆಟರ್ ಯಾರಿಗೆ ಹಾಕ್ತೀರಿ ಸಾಹೇಬ್ರ, ಬಿಸಿಲಿಗೇ ಏನು?" ಎಂದಿದ್ದರು. ನಾನೂ ನಕ್ಕೆ. ಎರಡು ತಿಂಗಳಿಗೊಮ್ಮೆ ಮಾನ್ವಿಗೆ ಹೋಗಿ, ಹೆಣೆದದ್ದನ್ನು ಹಿಂದುಮುಂದು ತೋರಿಸಿ, ಅಕ್ಕೋರ ಕೈಯ ಚಹಾ ಕುಡಿದು ಬರುತ್ತಿದ್ದೆ. ಅದು ಎಷ್ಟು ವರ್ಷ ನಡೆಯಿತು ಎಂದು ಆಗ ಎಣಿಸಲಿಲ್ಲ. ಮುಗಿದ ಮೇಲೆ ಎಣಿಸಿದೆ.

ನೀನು ಅಷ್ಟರಲ್ಲಿ ದೇವದುರ್ಗದಲ್ಲಿ ಮನೆ ಮಾಡಿ, ಗಬ್ಬೂರಿನ ಆಸ್ಪತ್ರೆಗೆ ದಿನಾ ಮೊದಲ ಬಸ್ಸಿಗೆ ಹೋಗುತ್ತಿದ್ದೆ. ಡಿಸೆಂಬರಿನ ಬೆಳಗಿನ ಚಳಿಗೆ ಮಗಳಿಗೊಂದು ಶಾಲು ಎಂದು ಅಕ್ಕೋರು ಶುರು ಮಾಡಿದಾಗ ಅವರ ಆರೋಗ್ಯ ಕೆಟ್ಟಿತ್ತು. ಅಂಚಿನಿಂದ ಅಂಚಿಗೆ ಎಲೆಯ ಸಾಲು, ಅದರ ಮೇಲೆ ಇನ್ನೊಂದು ಎಲೆಯ ಸಾಲು. ಅರ್ಧವಾಗುವಷ್ಟರಲ್ಲಿ ಅವರು ಹೋದರು.

ಅವರ ಉತ್ತರಕ್ರಿಯೆ ಮುಗಿದ ಮೇಲೆ ನೀನು ಒಂದು ಬಟ್ಟೆ ಚೀಲ ತಂದು ನನ್ನ ಮುಂದಿಟ್ಟೆ. ನಿನ್ನ ಮಾತು ಅಕ್ಷರಶಃ ನೆನಪಿದೆ.

"ಅಣ್ಣಾ, ಇದನ್ನ ನೀವ ಮುಗಿಸಿಕೊಡ್ರಿ. ಅವ್ವಂದು ಎಲ್ಲಿತನಕ ಅದನೋ ಅಲ್ಲಿತನಕ ಮುಟ್ಟಬ್ಯಾಡ್ರಿ. ಅಲ್ಲಿಂದ ಮುಂದ ನಿಮ್ಮದು."

ರಾಯಚೂರಿಗೆ ಬಂದು, ವಾರದ ರಜೆಯ ದಿನ ಮಧ್ಯಾಹ್ನ, ಚೀಲ ತೆರೆದೆ. ಹೆಣಿಗೆ ಸಾಲಿನ ನಡುವೆ ನಿಂತಿತ್ತು. ಮೂವತ್ತೊಂದು ಕುಣಿಕೆ ಒಂದು ಕಡ್ಡಿಯಲ್ಲಿ, ಉಳಿದವು ಇನ್ನೊಂದರಲ್ಲಿ. ಎರಡು ಸಲ ಎಣಿಸಿದೆ. ಆಮೇಲೆ ಮೇಜಿನ ಮೇಲೆ ಹರಡಿದೆ.

ತಪ್ಪುಗಳು ಕಂಡವು. ಕೊನೆಯ ನಾಲ್ಕು ಬೆರಳಿನಷ್ಟು ಹೆಣಿಗೆ ಬಿಗಿ, ಅಂಚು ಒಳಕ್ಕೆ ಎಳೆದುಕೊಂಡಿತ್ತು. ಅದರ ಕೆಳಗೆ ಒಂದು ಎಲೆ ಬಲಕ್ಕೆ ವಾಲುವ ಬದಲು ಎಡಕ್ಕೆ ವಾಲಿತ್ತು. ಇನ್ನೂ ಕೆಳಗೆ ಒಂದು ಕುಣಿಕೆ ಬಿಟ್ಟುಹೋಗಿ ಸಣ್ಣ ತೂತು. ಅದರ ಮುಂದಿನ ಸಾಲಿನಲ್ಲಿ ಲೆಕ್ಕ ಸರಿಮಾಡಲು ಒಂದು ಹೆಚ್ಚು ಕುಣಿಕೆ. ಅಕ್ಕೋರು ತಮ್ಮ ತಪ್ಪನ್ನು ಕಂಡಿದ್ದರು. ಬಿಚ್ಚದೆ ಮುಂದೆ ಹೋಗಿದ್ದರು. ಯಾಕೆ ಎಂದು ನಾನು ಆಗ ಕೇಳಿಕೊಳ್ಳಲಿಲ್ಲ. ಬಿಚ್ಚಿ ಮತ್ತೆ ಹೆಣೆಯುವಷ್ಟು ದಿನ ತಮ್ಮ ಬಳಿ ಇಲ್ಲ ಎಂದು ಅವರಿಗೆ—

ನನ್ನ ಕಣ್ಣಿಗೆ ಕಂಡದ್ದು ತಿದ್ದಬೇಕಾದ ಪುಟ.

ಮೇಲಿನ ಬಿಗಿಯಾದ ಭಾಗವಷ್ಟೇ ಎಂದುಕೊಂಡೆ. ಬಿಚ್ಚಿದೆ. ವಾಲಿದ ಎಲೆ ಇನ್ನು ಆರೇ ಸಾಲು ಕೆಳಗಿತ್ತು. ಅದನ್ನೂ ಬಿಚ್ಚಿದೆ. ತೂತು ಅದರ ಕೆಳಗಿತ್ತು. ಅದನ್ನು ದಾಟಿದ ಮೇಲೂ ನಿಲ್ಲಿಸಲಿಲ್ಲ. ಕೈ ತಪ್ಪಿತು, ದಾರ ಜಾರಿತು ಎಂದು ಹೇಳುವಂತಿಲ್ಲ, ಗಿರಿಜಾ. ಯಾವುದೂ ಜಾರಲಿಲ್ಲ. ಒಂದೊಂದು ಸಾಲನ್ನೂ ನಾನೇ ಎಳೆದೆ. ಬಿಚ್ಚುವುದರಲ್ಲೂ ಒಂದು ಸುಖವಿದೆ—ಹೆಣೆದವರಿಗೆ ಗೊತ್ತು. ದಾರ ಪಟಪಟನೆ ಬಿಟ್ಟುಕೊಂಡು ಬರುವ ಆ ಸುಖವನ್ನು ನಾನು ಆ ಮಧ್ಯಾಹ್ನ ಅನುಭವಿಸಿದೆ. ಇದನ್ನು ಬರೆಯದೆ ಬಿಟ್ಟರೆ ಈ ಬರಹವೂ ಸುಳ್ಳಾಗುತ್ತದೆ. ಚಹಾದ ಹೊತ್ತಿಗೆ ಮೇಜಿನ ಮೇಲೆ ಎಲೆಗಳಿರಲಿಲ್ಲ. ದಾರದ ರಾಶಿ ಇತ್ತು.

ಬಿಚ್ಚಿದ ದಾರ ನೆಟ್ಟಗಿರುವುದಿಲ್ಲ. ಹೆಣೆದವರ ಕೈ ಅದರಲ್ಲಿ ಸುಕ್ಕಾಗಿ ಉಳಿದಿರುತ್ತದೆ—ಎಲ್ಲಿ ಸಡಿಲ ಬಿಟ್ಟರು, ಎಲ್ಲಿ ಎಳೆದರು, ಎಲ್ಲ. ಆಗಲಾದರೂ ನಾನು ನಿಲ್ಲಿಸಬಹುದಿತ್ತು. ಅನ್ನದ ಪಾತ್ರೆಯಲ್ಲಿ ನೀರು ಕುದಿಸಿ, ಆ ದಾರಕ್ಕೆ ಆವಿ ಹಿಡಿದೆ. ಲಡಿ ಮಾಡಿ, ಕೆಳಗೊಂದು ಕಲ್ಲು ಕಟ್ಟಿ, ಕಿಟಕಿಗೆ ತೂಗುಹಾಕಿದೆ. ಎರಡು ದಿನದಲ್ಲಿ ದಾರ ಅಂಗಡಿಯಿಂದ ತಂದದ್ದರಂತೆ ನೇರವಾಯಿತು.

ಆಮೇಲಿನದು ಇದಕ್ಕಿಂತ ಕೆಟ್ಟದ್ದು. ನೀನು ಕಂಡುಹಿಡಿಯಬಾರದೆಂದು, ದಪ್ಪ ಕಡ್ಡಿ ಕೊಂಡು ತಂದು, ಕೆಳಗಿನ ಅರ್ಧವನ್ನು ಅಕ್ಕೋರ ಸಡಿಲ ಕೈಯಲ್ಲಿ ಹೆಣೆದೆ. ಕಾಯಿಲೆಯ ಕೈಯಲ್ಲ; ಮಾನ್ವಿಯ ಕಟ್ಟೆಯ ಮೇಲೆ ನಾನು ನೋಡಿದ್ದ ಕೈ. ಮೇಲಿನ ಅರ್ಧವನ್ನು ನನ್ನ ಕೈಯಲ್ಲಿ ಹೆಣೆದೆ. ಎರಡೂ ಕೂಡುವ ಜಾಗದ ಅಂಚಿಗೆ ಗುರುತಿಗೆಂದು ಬಿಳಿ ದಾರದ ಒಂದು ಗಂಟು ಹಾಕಿದೆ. ಚೆನ್ನಾಗಿ ಬಂದಿದೆ ಎಂದು ಹೆಮ್ಮೆಪಟ್ಟದ್ದೂ ನಿಜ.

ದೇವದುರ್ಗದ ನಿನ್ನ ಮನೆಯಲ್ಲಿ ನೀನು ಆ ಗಂಟು ಹುಡುಕಿ, ಅದರ ಕೆಳಗೆ ಮುಖ ಒತ್ತಿಕೊಂಡೆ. ಬಹಳ ಹೊತ್ತು. ತಲೆ ಎತ್ತಿ ಕೇಳಿದೆ:

"ಅವ್ವಂದು ಮುಟ್ಟಿಲ್ಲಲ್ಲ ಅಣ್ಣಾ?"

"ಇಲ್ಲವ್ವಾ. ಹೆಂಗಿತ್ತೋ ಹಂಗ ಅದ."

ಅಷ್ಟೇ ಮಾತು. ಬೇರೆಯವರ ಬಾಯಿಂದ ಬಂದಿದ್ದರೆ ಎರಡು ಕಡೆ ವಿಚಾರಿಸದೆ ಅಚ್ಚಿಗೆ ಬಿಡುತ್ತಿರಲಿಲ್ಲ ನಾನು. ನೀನು ನನ್ನನ್ನು ನಂಬಿದೆ. ಆಮೇಲೆ ಪ್ರತಿ ಚಳಿಗಾಲ ಅದನ್ನು ಹೊದ್ದು ಗಬ್ಬೂರಿಗೆ ಹೋದೆ. ಕೆಳಗಿನ ಅರ್ಧ ಎದೆಯ ಮೇಲೆ ಬರುವ ಹಾಗೆ ಹೊದ್ದುಕೊಳ್ಳುತ್ತೇನೆ ಎಂದು ಒಮ್ಮೆ ಹೇಳಿದೆ. ನಾನು ಬೇರೆ ಮಾತು ತೆಗೆದೆ.

ಈಗಲೂ ಬಾಯಿ ಬಿಡುತ್ತಿರಲಿಲ್ಲವೇನೋ. ಆದರೆ ಈ ವರ್ಷ ನೀನು ಹೆಣಿಗೆ ಶುರು ಮಾಡಿದೆ. ಮಗಳಿಗೆ ಹೆರಿಗೆಯ ದಿನ ಹತ್ತಿರ ಬಂದಿದೆ, ಕೂಸಿಗೆ ಮುತ್ತಜ್ಜಿಯ ಎಲೆಗಳದೇ ಒಂದು ಹೊದಿಕೆ ಬೇಕು ಎಂದೆ. ಮೊದಲು ಫೋನಿನಲ್ಲಿ ಎಷ್ಟು ಸಂತೋಷ ನಿನ್ನ ದನಿಯಲ್ಲಿ—ಮೊದಲ ಸಾಲು ಬಂತು ಅಣ್ಣಾ, ಮೊದಲ ಎಲೆ ಬಂತು ಅಣ್ಣಾ. ನನಗೂ ಮಾನ್ವಿಯ ಕಟ್ಟೆ ಮರಳಿ ಸಿಕ್ಕ ಹಾಗಾಗಿತ್ತು. ಹೋದ ತಿಂಗಳು ದನಿ ಬದಲಾಯಿತು.

"ಐದನೇ ಸಲ ಬಿಚ್ಚಾಕತ್ತೀನಿ ಅಣ್ಣಾ. ಅವ್ವನ ಭಾಗ ಮುಂದಿಟ್ಟುಕೊಂಡು ನೋಡ್ತೀನಿ. ಅಷ್ಟು ಜಡ್ಡಿನಾಗೂ ಒಂದು ತಪ್ಪಿಲ್ಲ ನೋಡ್ರಿ ಆಕೀದು. ನನ್ನ ಕೈ ಬಿಗಿ, ಎಲಿ ಅಡ್ಡಾದಿಡ್ಡಿ ಬರ್ತಾವ. ನಾ ಆಕಿ ಹೊಟ್ಟ್ಯಾಗ ಹುಟ್ಟಿದಾಕಿ ಹೌದೋ ಅಲ್ಲೋ ಅನಸ್ತದ. ಬಿಟ್ಟ ಬಿಡ್ತೀನಿ ಇದನ್ನ."

"ಬಿಡಬ್ಯಾಡವ್ವಾ," ಎಂದೆ. ಅದಕ್ಕಿಂತ ಹೆಚ್ಚು ಹೇಳಬೇಕಿತ್ತು. ಹೇಳಲಿಲ್ಲ.

ನಿಜ ಇಷ್ಟು: ನಿನ್ನ ಅವ್ವನ ಕೊನೆಯ ಸಾಲುಗಳೂ ಬಿಗಿಯಾಗಿಯೇ ಇದ್ದವು. ಎಲೆಗಳು ಅಡ್ಡಾದಿಡ್ಡಿಯಾಗಿದ್ದವು. ನೀನು ಹೋಲಿಸಿ ಸೋಲುತ್ತಿರುವುದು ಅವರ ಎದುರಿಗಲ್ಲ, ನನ್ನ ಎದುರಿಗೆ—ಮೂವತ್ತು ವರ್ಷ ಹೆಣೆದ, ಬೇಕೆಂದೇ ಕೈ ಬದಲಿಸಿದ ಒಬ್ಬನ ಎದುರಿಗೆ. ನಿನ್ನ ಕೈ ಅವ್ವನ ಕೈಯಂತೆಯೇ ಇರಬಹುದು. ಆದರೆ ಇದನ್ನು ಸಮಾಧಾನವೆಂದು ನಿನಗೆ ಕೊಡುವ ಹಕ್ಕು ನನಗಿಲ್ಲ. ಪಕ್ಕದಲ್ಲಿಟ್ಟು ತೋರಿಸಲು ಏನೂ ಉಳಿದಿಲ್ಲ. ಸಾಕ್ಷಿಗೆ ಉಳಿದಿರುವುದು ನನ್ನ ಮಾತೊಂದೇ, ಮತ್ತು ನನ್ನ ಮಾತು ಎಂಥದ್ದು ಎಂದು ಈಗ ನಿನಗೆ ಗೊತ್ತು.

ಕಳೆದ ವಾರ ಆ ತಪ್ಪುಗಳನ್ನು ನೆನಪಿನಿಂದ ಹೆಣೆಯಲು ಕೂತೆ. ಎಡಕ್ಕೆ ವಾಲಿದ ಎಲೆ, ಬಿಟ್ಟುಹೋದ ಕುಣಿಕೆ, ಒಳಕ್ಕೆ ಎಳೆದುಕೊಂಡ ಅಂಚು. ಎಲೆ ಎಡಕ್ಕೇನೋ ವಾಲಿತು. ಆದರೆ ಅದು ಸರಿಯಾಗಿ ಹೆಣೆಯಬಲ್ಲವನು ಬೇಕೆಂದೇ ವಾಲಿಸಿದ ಎಲೆ. ನಡುಗುವ ಬೆರಳುಗಳಲ್ಲಿ, ಮಗಳ ಬೆಳಗಿನ ಬಸ್ಸನ್ನು ನೆನೆಯುತ್ತ, ಕಣ್ಣು ಕಿರಿದು ಮಾಡಿಕೊಂಡು ಎಣಿಸುತ್ತ ಹೋದವರ ಎಲೆ ಅದಲ್ಲ. ಆ ಒಂದು ಎಲೆಯನ್ನು ಇವತ್ತು ಒಂದೇ ಒಂದು ಸಲ ಬೆರಳಿನಿಂದ ಮುಟ್ಟುವ ಹಾಗಿದ್ದರೆ— ನಿನಗೆ ಸಿಗಬೇಕಾಗಿದ್ದದ್ದು ಅದು. ನನಗೂ ಅದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ, ನನಗದು ಗೊತ್ತಿರಲಿಲ್ಲ.

ಇದನ್ನು ಅಚ್ಚಿಗೆ ಕೊಡುವ ಮೊದಲು ನಿನ್ನೆದುರು ಕೂತು ಓದುತ್ತೇನೆ. ನೀನು ಬೇಡವೆಂದರೆ ಕೊಡುವುದಿಲ್ಲ. ಆದರೆ ಓದದೆ ತಿರುಗಿ ಬರುವುದಿಲ್ಲ. ನೀನು ಎದ್ದು ಒಳಗೆ ಹೋದರೆ, ಬಾಗಿಲು ಹಾಕಿಕೊಂಡರೆ, ಅದು ನಿನ್ನ ನ್ಯಾಯ.

ನಿನ್ನೆ ಸಂಜೆ ಫೋನು ಮಾಡಿದೆ. ಭಾನುವಾರ ಬರುತ್ತೇನೆ, ಅಲ್ಲಿಯತನಕ ಕೈಯಲ್ಲಿರುವುದನ್ನು ಬಿಚ್ಚಬೇಡ ಎಂದೆ. ಯಾಕೆ ಎಂದು ನೀನು ಕೇಳಿದೆ. ಬಂದು ಹೇಳುತ್ತೇನೆ ಎಂದೆ.

"ಆತು, ಬಿಚ್ಚಂಗಿಲ್ಲ ತಗೋರಿ," ಎಂದು ನಕ್ಕೆ ನೀನು. "ಬರ್ರಿ ಅಣ್ಣಾ. ಅವ್ವನ ಶಾಲು ತಗದು ಇಟ್ಟಿರ್ತೀನಿ. ಇಬ್ಬರೂ ಕೂಡಿ ನೋಡೂಣಂತ."

ಬರುತ್ತೇನೆ, ಗಿರಿಜಾ. ಈ ಹಾಳೆಗಳನ್ನು ತರುತ್ತೇನೆ.