ಆಮೇಲೆ ತಿದ್ದಿ, ಟೀಚರ್

ಹೌನ್ಸ್ಲೋದ ಫ್ಯಾಮಿಲಿ ಡಾಕ್ಟರ ಕ್ಲಿನಿಕ್ಕಿನಲ್ಲಿ ಹೆಸರು ಕರೆದ ಕೂಡಲೇ ಮರಿಸೋಲ್ ಎದ್ದಳು. ಜೊತೆಗೇ ಎದ್ದ ಒಂಬತ್ತು ವರ್ಷದ ಮಗಳನ್ನು ಭುಜ ಹಿಡಿದು ಮತ್ತೆ ಕೂರಿಸಿದಳು. ಕೊಲಂಬಿಯಾದಿಂದ ಬಂದ ಈಕೆ, ಲೈಬ್ರರಿಯಲ್ಲಿ ನಾನು ನಡೆಸುವ ಇಂಗ್ಲಿಷ್ ಕ್ಲಾಸಿನ ವಿದ್ಯಾರ್ಥಿನಿ. ಇಲ್ಲಿಯವರೆಗೆ ಅಮ್ಮನ ಕಾಯಿಲೆಗಳನ್ನೆಲ್ಲ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದವಳು ಆ ಮಗುವೇ. ಈ ಸಲ ಸ್ತನದಲ್ಲಿ ಗಂಟು ಕಾಣಿಸಿತ್ತು. ಅದನ್ನು ಮಗಳ ಬಾಯಲ್ಲಿ ಹೇಳಿಸಲಾರೆ ಎಂದು ಧೈರ್ಯಕ್ಕೆ ನನ್ನನ್ನು ಕರೆತಂದಿದ್ದಳು.

ಒಳಗೆ ಒಂದೊಂದೇ ಪದ ಜೋಡಿಸಿ ಹೇಳತೊಡಗಿದಳು. ನಡುವೆ "ಐ ಹ್ಯಾವ್ ಫಿಯರ್" ಎಂದಳು. ಅವರ ಸ್ಪ್ಯಾನಿಷ್‌ನಲ್ಲಿ ಹಾಗೆಯೇ ಹೇಳುವುದು. ನನ್ನ ತಿದ್ದುವ ಚಟ ಸುಮ್ಮನಿದ್ದೀತೇ? "ಐ ಆಮ್ ಅಫ್ರೇಡ್" ಎಂದು ಪಿಸುಗುಟ್ಟಿದೆ.

ಮರಿಸೋಲ್ ನನ್ನತ್ತ ಅಂಗೈ ಎತ್ತಿ ತಡೆದಳು. "ಆಫ್ಟರ್, ಟೀಚರ್. ನೌ ಐ ಸ್ಪೀಕ್."

ಡಾಕ್ಟರು ಕಂಪ್ಯೂಟರ್ ಬಿಟ್ಟು ಅವಳ ಕಡೆಗೆ ತಿರುಗಿ ಕೂತರು. ಅವಳು ಪೂರ್ತಿ ಹೇಳಿದಳು.

ಗಂಟು ಅಪಾಯದ್ದಲ್ಲವೆಂದು ಆಮೇಲೆ ಗೊತ್ತಾಯಿತು. ಕ್ಲಾಸಿಗೆ ಹೊಸಬರು ಬಂದರೆ ನಾನೀಗ ಪುಸ್ತಕ ತೆರೆಯುವ ಮೊದಲು, ಯಾರ ಮುಂದೆ ಏನು ಹೇಳಬೇಕಾಗಿದೆ ಎಂದು ಕೇಳುತ್ತೇನೆ. ಅವರು ಹೇಳಿ ಮುಗಿಸುವ ತನಕ ಬಾಯಿ ತೆರೆಯುವುದಿಲ್ಲ.