ದೇವರ ಎತ್ತುಗಳ ಮುಂದೆ ಕೌಬಾಯ್ ಬೂಟು

ಗೆಳೆಯರೇ, ಇವತ್ತು ದೇವರ ಎತ್ತುಗಳ ಎದುರು ಒಂಟಿಕಾಲಲ್ಲಿ ಕುಣಿದು ಬಂದೆ.

ಮೊಳಕಾಲ್ಮುರು ಸೀರೆ ನೇಯೋದನ್ನ ನೋಡೋಕೆ ನಮ್ಮ ಮನೆಗೆ ಬಂದಿರೋ ಟಾಮ್, ಅಮೆರಿಕದಲ್ಲಿ ಕೌಬಾಯ್‌ಗಳ ಮ್ಯೂಸಿಯಂ ಒಂದರಲ್ಲಿ ಕೆಲಸ ಮಾಡ್ತಾನೆ. "ನಿಮ್ಮಲ್ಲಿ ದನ ಕಾಯೋರು ಹೆಂಗಿರ್ತಾರೆ?" ಅಂತ ಕೇಳಿದ. ಬೆಳಗ್ಗೆ ಚಳ್ಳಕೆರೆ ಕಡೆ ಒಂದು ಹಟ್ಟಿಗೆ, ನೊಗಕ್ಕೆ ಹೂಡದೆ ದೇವರ ಹೆಸರಲ್ಲಿ ಬಿಟ್ಟಿರೋ ಎತ್ತುಗಳನ್ನ ಕೂಡೋ ರೊಪ್ಪದ ಹತ್ರ ಕರ್ಕೊಂಡು ಹೋದೆ.

ಎತ್ತು ಕಾಯೋ ಕಿಲಾರಿ ಬೋರಣ್ಣ ಮುಳ್ಳುಬೇಲಿ ಬಾಗಿಲಲ್ಲೇ ಕೈ ಅಡ್ಡ ಹಿಡಿದರು. "ಬೂಟು ಬಿಚ್ಚಾಕೆ ಹೇಳಪ್ಪಾ. ಒಳಗಿರೋದು ದೇವ್ರು."

ಮೊಣಕಾಲಿನವರೆಗೂ ಇದ್ದ ಬಿಗಿ ಬೂಟು. ಟಾಮ್ ಕಲ್ಲಿನ ಮೇಲೆ ಕೂತ, ನಾನು ಎಳೆದೆ. ಅವನು ಬರಿಗಾಲಲ್ಲಿ ಒಳಗೆ ಹೋದ.

ಆ ಬೂಟಿನೊಳಗೆ ಕಾಲು ಹೆಂಗಿರುತ್ತೆ ಅಂತ ನನಗೆ ಕುತೂಹಲ. ಒಂದನ್ನ ಹಾಕ್ಕೊಂಡೆ. ಕಾಲು ಹೋಯ್ತು, ವಾಪಸ್ ಬರಲಿಲ್ಲ. ಅಷ್ಟರಲ್ಲೇ ಎತ್ತುಗಳು ಮೇಯೋಕೆ ಹೊರಟು ಬಾಗಿಲಿಗೆ ಬಂದುಬಿಟ್ಟವು.

"ಲೇ! ಚರ್ಮ ಮೆಟ್ಕೊಂಡು ದೇವ್ರಿಗೇ ಅಡ್ಡ ನಿಂತೀಯಲ್ಲೋ, ಸರಿಯೋ ಆ ಕಡೆ!" ಅಂತ ಬೋರಣ್ಣ ಕೂಗಿದರು.

ಕುಂಟುತ್ತಾ ಜಾಲಿ ಗಿಡದ ಹಿಂದೆ ಓಡಿದೆ. ಅಲ್ಲಿಂದ ನೋಡ್ತೀನಿ, ಟಾಮ್ ಕೈಮುಗಿದು ಎತ್ತುಗಳ ಹಿಂದೆ ನಡೀತಿದ್ದಾನೆ. ಬೋರಣ್ಣ ಕನ್ನಡದಲ್ಲಿ, ಅವನು ಇಂಗ್ಲಿಷಲ್ಲಿ, ಮಾತು ಜೋರಾಗಿ ಸಾಗಿತ್ತು. ಮಾತು ತಿಳಿಸೋಕೆ ಅಂತ ಹೋದವನು ನಾನು!

ಟಾಮ್ ವಾಪಸ್ ಬಂದು ಎಳೆದ ಮೇಲೇ ಬೂಟು ಕಳಚಿದ್ದು. ಅವರ ಮ್ಯೂಸಿಯಂನಲ್ಲಿ ಬೂಟುಗಳನ್ನ ಗಾಜಿನ ಪೆಟ್ಟಿಗೇಲಿಟ್ಟು ಬೀಗ ಹಾಕ್ತಾರಂತೆ. ಯಾಕೆ ಅಂತ ನಾನೇನೂ ಕೇಳಲಿಲ್ಲ.